ಮಿಡಿಯುವ ಹಲ್ಲು

ನಮ್ಮ ಪ್ರಯೋಗಾಲಯದ ಪರದೆಯ ಮೇಲೆ ನನ್ನ ಅತ್ತೆಯ ಒಂದು ಹಲ್ಲು ಮಿಡಿಯುತ್ತಿತ್ತು.

ಎಡಗಡೆ, ಕೆಳದವಡೆಯ ದೊಡ್ಡ ಹಲ್ಲು. ಹಸಿರು ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಹಲ್ಲಿನೊಳಗೆ ಹರಿಯುತ್ತಿದ್ದ ರಕ್ತ ಅತ್ತೆಯದು. ಆ ರಕ್ತ ಹರಿಯುತ್ತಿದ್ದ ತಿರುಳು ಅವರ ಮಗನದು. ಅವರ ಮಗ, ನನ್ನ ಗಂಡ ಸಂಗಮೇಶ, ತೀರಿಕೊಂಡು ಎರಡು ವರ್ಷವಾಗಿತ್ತು.

ಇದು ಹೇಗೆಂದು ಸ್ವಲ್ಪ ಹೇಳಬೇಕು.

ಹಲ್ಲು ಹೊರಗೆ ಕಲ್ಲಿನಂತೆ ಕಂಡರೂ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಮೆತ್ತನೆಯ ತಿರುಳಿರುತ್ತದೆ. ಅದರಲ್ಲಿ ರಕ್ತನಾಳ, ನರ. ಬೇರುಗಳೊಳಗಿನ ಸಣ್ಣ ಕಾಲುವೆಗಳಲ್ಲಿ ಅದು ದವಡೆಯ ಎಲುಬಿನವರೆಗೂ ಇಳಿದಿರುತ್ತದೆ. ಹುಳುಕು ಆಳಕ್ಕೆ ಹೋದರೆ ತಿರುಳು ಕೊಳೆಯುತ್ತದೆ. ಆಗ ದಂತವೈದ್ಯರು ಮಾಡುವುದು ರೂಟ್ ಕೆನಾಲ್. ಹಲ್ಲಿನ ನೆತ್ತಿಯಲ್ಲಿ ಕಿಂಡಿ ತೆಗೆದು, ಸೂಜಿಗಿಂತ ಸಣ್ಣ ಅರಗಳಿಂದ ಕಾಲುವೆಗಳನ್ನು ಉಜ್ಜಿ, ಔಷಧಿಯಿಂದ ತೊಳೆದು, ಒಣಗಿಸಿ, ರಬ್ಬರಿನಂಥ ಒಂದು ಅಂಟನ್ನು ತುಂಬಿ ಮುಚ್ಚುತ್ತಾರೆ. ನೋವು ಹೋಗುತ್ತದೆ. ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ನೋವೇ ಇಲ್ಲದ ಮೇಲೆ ಮತ್ತೆ ಯಾಕೆ ಹೋಗಬೇಕು? ಆದರೆ ಅರ್ಧ ಹುಳುಕು ತಿಂದು, ಇನ್ನರ್ಧ ಕಿಂಡಿ ಕೊರೆದು, ಗೋಡೆ ತೆಳುವಾದ ಹಲ್ಲು ಅದು. ಮೇಲೊಂದು ಕ್ಯಾಪ್ ಕೂರಿಸದಿದ್ದರೆ ಯಾವತ್ತೋ ಒಂದು ದಿನ ರೊಟ್ಟಿ ಕಡಿಯುವಾಗ ಸೀಳುತ್ತದೆ. ಕ್ಯಾಪ್ ಕೂರಿಸಿದರೆ ವರ್ಷಗಟ್ಟಲೆ ಅಗಿಯುತ್ತದೆ. ಅದಕ್ಕೆ ಬಿಸಿ, ತಣ್ಣಗೆ ಏನೂ ತಿಳಿಯುವುದಿಲ್ಲ, ಅಷ್ಟೆ.

ಧಾರವಾಡದ ನಮ್ಮ ಪ್ರಯೋಗಾಲಯ ಶುರುವಾದದ್ದು ಒಂದು ಪ್ರಶ್ನೆಯಿಂದ. ಆ ಅಂಟಿನ ಬದಲು ಜೀವವನ್ನೇ ತುಂಬಿದರೆ?

ಎಳೆಯ ವಯಸ್ಸಿನವರ ಬುದ್ಧಿಹಲ್ಲಿನಲ್ಲಿ ಮತ್ತೆ ತಿರುಳಾಗಿ ಬೆಳೆಯಬಲ್ಲ ಜೀವಕೋಶಗಳಿರುತ್ತವೆ. ಅವನ್ನು ತೆಗೆದು ದ್ರವ ಸಾರಜನಕದಲ್ಲಿ ಮಲಗಿಸುತ್ತೇವೆ. ಬೇಕಾದಾಗ ಎಚ್ಚರಿಸಿ, ಲೋಳೆಯಲ್ಲಿ ಕಲಸಿ, ಶುದ್ಧ ಮಾಡಿದ ಕಾಲುವೆಗೆ ಇಳಿಸುತ್ತೇವೆ. ಬೇರಿನ ತುದಿಯಿಂದ ರಕ್ತನಾಳ ಒಳಗೆ ಬರುತ್ತದೆ, ಅದರ ಹಿಂದೆ ನರ. ಮೇಲೆ ತಾತ್ಕಾಲಿಕ ಮುಚ್ಚಳ. ಅದರಡಿ ಎಳ್ಳುಕಾಳಿನಷ್ಟು ಒಂದು ಸಂವೇದಕ. ಹಲ್ಲಿನ ಶಾಖವನ್ನೂ ಒಂದೊಂದು ಬೇರಿನ ಮಿಡಿತವನ್ನೂ ಅದು ನಮಗೆ ಕಳಿಸುತ್ತಿರುತ್ತದೆ.

ಮದುವೆಯಾದ ಹೊಸದರಲ್ಲಿ ಸಂಗಮೇಶನ ಬುದ್ಧಿಹಲ್ಲು ಅಡ್ಡ ಬೆಳೆದಿತ್ತು. ಕೀಳಿಸಿ ನಮ್ಮ ಪ್ರಯೋಗಾಲಯಕ್ಕೆ ಕೊಟ್ಟ. "ಇದ್ದ ಒಂದೀಟು ಬುದ್ಧಿ ನಿನ್ನ ಕೈಯಾಗ ಕೊಟ್ಟೀನಿ ನೋಡು, ಜ್ವಾಕಿ," ಅಂದಿದ್ದ, ಬಾಯಲ್ಲಿ ಹತ್ತಿ ಕಚ್ಚಿಕೊಂಡು. ನಾನು ಜೋಪಾನ ಮಾಡಿದೆ. ಅವನ ಬೈಕಿಗೆ ಲಾರಿ ಬಡಿದ ದಿನವೂ ಆ ಜೀವಕೋಶಗಳು ತಣ್ಣಗೆ ಮಲಗಿದ್ದವು.

ಒಂದೇ ಸೀಸೆ ಇತ್ತು. ಒಮ್ಮೆ ಎಚ್ಚರಿಸಿದರೆ ಮತ್ತೆ ಮಲಗಿಸಲು ಬರುವುದಿಲ್ಲ.

ಅತ್ತೆಯ ಹೆಸರು ನೀಲವ್ವ. ಬಸ್ ಕಂಡಕ್ಟರಾಗಿದ್ದವರು. ಬಸ್ಸಿಗೆ ಕಂಡಕ್ಟರ್ ಬೇಡವೆಂದು ತೀರ್ಮಾನವಾಗುವ ಮೊದಲಿನ ಕೊನೆಯ ತಂಡ ಅವರದು. ಈಗ ಬಸ್ಸು ತಾನೇ ಓಡುತ್ತದೆ, ತಾನೇ ಟಿಕೆಟ್ ಕೊಡುತ್ತದೆ, ತಾನೇ ಮಾತಾಡುತ್ತದೆ. "ದಯವಿಟ್ಟು ವಾಹನದ ಮುಂಭಾಗಕ್ಕೆ ಚಲಿಸಿ" ಎಂದು ಅದು ಹೇಳಿದಾಗೆಲ್ಲ ಅತ್ತೆ ಸಿಡುಕುತ್ತಿದ್ದರು. "ಇದೇನು ಮಾತೋ, ಲಗ್ನಪತ್ರನೋ? ಹಿಂಗಂದ್ರ ಯಾರು ಸರೀತಾರ? ಮುಂದ ಸರೀರಿ, ಮುಂದ ಜಾಗಾ ಐತಿ ಅಂತ ಒದರಬೇಕು."

ಅವರ ಹಲ್ಲಿಗೆ ಮಾಮೂಲಿ ರೂಟ್ ಕೆನಾಲ್ ಸಾಕಿತ್ತು. ಒಂದು ದಿನ ಊಟದ ಹೊತ್ತಿಗೆ ನಾನು ಸೀಸೆಯ ವಿಷಯ ಹೇಳಿದೆ. ಅವರ ವಯಸ್ಸಿನ ಜೀವಕೋಶ ಬೆಳೆಯುವುದಿಲ್ಲ. ಬೇರೆಯವರದನ್ನು ದೇಹ ಒಪ್ಪುವುದಿಲ್ಲ. ಹತ್ತಿರದ ರಕ್ತಸಂಬಂಧಿಯದಾದರೆ, ಬೇರಿನ ತುದಿಗೆ ದೇಹದ ಕಾವಲು ಕೋಶಗಳನ್ನು ತಡೆಯುವ ಒಂದು ಸಣ್ಣ ಜರಡಿ ಇಟ್ಟರೆ, ಒಪ್ಪಬಹುದು. ಇಷ್ಟು ಹೇಳಿದೆ.

ಅತ್ತೆ ಎದ್ದು ಕೈ ತೊಳೆದು ಬಂದರು.

"ಒಂಬತ್ತು ತಿಂಗಳ ಒಪ್ಪಿಕೊಂಡಾಕಿ ನಾನು. ಈಗ ಒಪ್ಪಂಗಿಲ್ಲೇನು? ಇಡ್ರಿ ಅವನ್ನ ನನ್ನ ಬಾಯಾಗ."

ಮನೆಯವಳಾದ್ದರಿಂದ ಅವರ ಹಲ್ಲಿನ ಬಗ್ಗೆ ತೀರ್ಮಾನ ನನ್ನದಲ್ಲ ಎಂದು ಪ್ರಯೋಗಾಲಯ ಮೊದಲೇ ಹೇಳಿತು. ಪರದೆ ನೋಡುವುದು ನಾನು ಮತ್ತು ಕುಬೇರ ಹಾದಿಮನಿ. ಗಣಕದ ನಿಯಮಗಳನ್ನೆಲ್ಲ ಬರೆದವನು ಅವನು. ಹಲ್ಲು ಮುಟ್ಟುವವರು ಡಾಕ್ಟರ್ ಫರ್ಹಾನಾ ಸವಣೂರ.

ಜೀವಕೋಶ ಇಳಿಸಿದರು. ಕೆಲವು ದಿನಕ್ಕೆ ಪರದೆಯ ಗೆರೆ ನಡುಗಿತು. ಆಮೇಲೆ ಮಿಡಿಯಿತು.

ನಾನು ಅಳಲಿಲ್ಲ. ಎರಡು ವರ್ಷದಿಂದ ನನಗೆ ಅಳು ಬಂದಿಲ್ಲ. ಕುಬೇರ ಎಲ್ಲರಿಗೂ ಪೇಡೆ ಹಂಚಿದ. ನಾನು ತಿಂದೆ.

*

ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅತ್ತೆ ಕೂಗಿದರು. ಓಡಿಹೋದೆ. ಕೈಯಲ್ಲಿ ಮಡಕೆಯ ತಣ್ಣೀರಿನ ಲೋಟ ಹಿಡಿದು ನಿಂತಿದ್ದರು. ಕಣ್ಣಲ್ಲಿ ನೀರು.

"ಜುಂ ಅಂತು ದಾನವ್ವಾ!"

ನನ್ನ ಹೆಸರು ದಾನೇಶ್ವರಿ. ಅವರು ಕರೆಯುವುದು ದಾನವ್ವ.

"ನೋವಾತೇನ್ರಿ?"

"ನೋವಂದ್ರ ನೋವು. ಹಾಲ ಕುಡಿಯೋವಾಗ ಕಚ್ಚತಿದ್ದ ನೋಡು ಭಾಡ್ಯಾ, ಹಂಗ. ಅವಾನs ಕಚ್ಚಿದಂಗಾತು."

ಅದು ನರ ಬೆಳೆದ ಗುರುತು. ಬಹಳ ಒಳ್ಳೆಯ ಗುರುತು. ಹಾಗೆಂದೆ. ಅವರಿಗೆ ನನ್ನ ಮಾತು ಕೇಳಿಸಲಿಲ್ಲ. ಇನ್ನೊಂದು ಗುಟುಕು ಕುಡಿದರು, ಮುಖ ಕಿವುಚಿದರು, ನಕ್ಕರು.

ನಾನು ಎಂದಿನಂತೆ ತಾಟು ಹಿಡಿದು ಬಾಗಿಲಲ್ಲಿ ನಿಂತು ಉಂಡೆ. ಒಳಗೆ ಮೂರು ಮಣೆಗಳಿವೆ. ಮೂರನೆಯದು ಸಂಗಮೇಶನದು, ಯಾರೂ ತೆಗೆದಿಟ್ಟಿಲ್ಲ. ಅದರ ಪಕ್ಕ ಕೂತು ಉಣ್ಣಲು ನನಗೆ ಆಗುತ್ತಿರಲಿಲ್ಲ.

"ಬಾಗಲದಾಗ ನಿಂತು ಉಣಬ್ಯಾಡ ಅಂತ ಎಷ್ಟ ಸಲ ಹೇಳಬೇಕು? ಫುಟ್‌ಬೋರ್ಡ್ ಮ್ಯಾಲ ನಿಂತಾರು ಯಾವಾಗಿದ್ರೂ ಬೀಳಾವ್ರs."

"ಹೊತ್ತಾತ್ರಿ," ಅಂದು ಹೊರಟೆ.

ಆಮೇಲಿನ ವಾರ ಅವರು ಸೆರಗನ್ನು ತಲೆಯ ಮೇಲೆ ಹೊದ್ದು, ಒಂದು ತುದಿಯನ್ನು ಕೆನ್ನೆಯ ಮೇಲಿಂದ ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡು ಓಡಾಡಿದರು. ಗಾಳಿ ತಣ್ಣಗಿದೆ, ನೆಗಡಿ ಅಂದರು. ಮಾತು ಕಡಿಮೆಯಾಯಿತು. ಮನೆಯಲ್ಲಿ ಮಾತು ಕಡಿಮೆಯಾದರೆ ನನಗೆ ಗೊತ್ತಾಗುವುದಿಲ್ಲ. ರೊಟ್ಟಿಯ ಹೆಂಚು ಕಾದ ವಾಸನೆ ಮಾತ್ರ ಸಂಜೆ ಬಂದಾಗಲೂ ಇರುತ್ತಿತ್ತು.

*

ಪ್ರಯೋಗ ಶುರುವಾದಾಗ ಒಂದು ತೊಂದರೆಯಿತ್ತು. ಯಾರು ಬಿಸಿ ಸಾರು ಕುಡಿದರೂ ಹಲ್ಲಿನ ಶಾಖ ಏರಿ, ಸೋಂಕು ಎಂದು ಗಣಕ ಕೂಗುತ್ತಿತ್ತು. ಅದಕ್ಕೆ ಕುಬೇರ ಒಂದು ನಿಯಮ ಬರೆದ. ಶಾಖ ಸರ್ರನೆ ಏರಿ ಸ್ವಲ್ಪ ಹೊತ್ತಿಗೆ ಇಳಿದರೆ ಅದು ಬಿಸಿ ಆಹಾರ. ಗಣಕ ಅದಕ್ಕೊಂದು ಚೀಟಿ ಅಂಟಿಸಿ ಪಕ್ಕಕ್ಕಿಡುತ್ತದೆ. ಅದರ ಮುಂದಿನ ಹಿಂದಿನ ಒಂದಿಷ್ಟು ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೋಂಕಿನ ಶಾಖ ಹಾಗಲ್ಲ, ಮೆಲ್ಲಗೆ ಏರುತ್ತದೆ, ಇಳಿಯುವುದಿಲ್ಲ. ಒಳ್ಳೆಯ ನಿಯಮ. ಆಮೇಲೆ ಗಣಕ ಸುಳ್ಳು ಕೂಗಲಿಲ್ಲ.

ಆ ದಿನ ಮಧ್ಯಾಹ್ನ ನಾನು ಬೇರೊಬ್ಬರ ಹಲ್ಲು ನೋಡುತ್ತಿದ್ದೆ. ಕುಬೇರ ಪಕ್ಕದ ಕುರ್ಚಿಯಿಂದ ನಕ್ಕ.

"ಮೇಡಂ, ನಿಮ್ಮ ಅತ್ತಿಯವ್ರು ಚಾದಂಗಡಿ ಇಟ್ಟಾರೇನು?"

"ಯಾಕ?"

"ನೋಡ್ರಿಲ್ಲೆ. ಬಿಸಿ ಆಹಾರ, ಬಿಸಿ ಆಹಾರ, ಬಿಸಿ ಆಹಾರ. ಮುಂಜಾನಿಂದ ಕುಡ್ಯಾಕs ಹತ್ಯಾರ. ಇಂಥಾ ಅತ್ತಿ ನನಗ ಸಿಗಲಿಲ್ಲ ನೋಡ್ರಿ."

ನಾನೂ ನೋಡಿದೆ. ಹಳದಿ ಚೀಟಿಗಳು ಸಾಲಾಗಿದ್ದವು. ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗುತ್ತಿತ್ತು. ಮಿಡಿತದ ಗೆರೆ ಮುಂದಿನ ಬೇರಿನಲ್ಲಿ ದಪ್ಪಗಾಗಿ ಮಸುಕಾಗಿತ್ತು. ಹಿಂದಿನ ಬೇರಿನಲ್ಲಿ ಸರಿಯಾಗಿತ್ತು. ಚೀಟಿಗಳ ಕಾರಣ ಗಣಕ ಯಾವುದನ್ನೂ ತೂಗಿ ನೋಡಿರಲಿಲ್ಲ.

"ಅತ್ತಿ ಬಿಸಿ ಚಾ ಕುಡಿಯಂಗಿಲ್ಲ," ಅಂದೆ.

"ಅಂದ್ರ?"

ಬಸ್ಸು ನಿಂತ ಅಷ್ಟರಲ್ಲಿ ಚಹಾ ಮುಗಿಸಬೇಕು. ಅದಕ್ಕೆ ಕಂಡಕ್ಟರುಗಳು ಬಸಿಗೆ, ಅಂದರೆ ಸಾಸರಿಗೆ, ಸುರಿದು, ಊದಿ, ತಣ್ಣಗೆ ಮಾಡಿ, ಒಂದೇ ಗುಟುಕಿಗೆ ಹೀರುತ್ತಾರೆ. ಅತ್ತೆ ಈಗಲೂ ಹಾಗೇ. ಬಸ್ಸು ಬಿಟ್ಟು ಎಷ್ಟು ಕಾಲವಾದರೂ ಬಸಿ ಬಿಟ್ಟಿಲ್ಲ. ಅವರ ಹಲ್ಲಿಗೆ ಬಿಸಿ ಚಹಾ ತಾಗಿದ್ದೇ ಇಲ್ಲ.

ಹಾಗಾದರೆ ಶಾಖ ಬಾಯಿಯ ಒಳಗಿನಿಂದ ಬಂದದ್ದಲ್ಲ. ಹೊರಗಿನಿಂದ. ಕೆನ್ನೆಯ ಮೂಲಕ.

ಸೆರಗು ನೆನಪಾಯಿತು. ಹೆಂಚು ಕಾದ ವಾಸನೆ ನೆನಪಾಯಿತು.

"ಕಾವು ಕೊಡಾಕ ಹತ್ಯಾರ," ಅಂದೆ. "ಉಪ್ಪಿನ ಗಂಟು ಕಾಸಿ ಗಲ್ಲಕ್ಕ ಇಟ್ಟುಕೊಳ್ಳಾಕ ಹತ್ಯಾರ. ಕುಬೇರ, ಚೀಟಿ ಎಲ್ಲಾ ತಗೀ. ಹಂಗs ಗೆರಿ ತೋರ್ಸು."

ಅವನು ನಿಯಮವನ್ನು ನಿಲ್ಲಿಸಿದ. ಹಳದಿ ಚೀಟಿಗಳು ಮಾಯವಾದವು. ಕೆಳಗೆ ಒಂದು ಗೆರೆ ಎದ್ದಿತು. ಮೆಲ್ಲಗೆ ಏರಿತ್ತು. ಇಳಿದಿರಲಿಲ್ಲ.

ಕುಬೇರನ ನಗೆ ಹೋಯಿತು. ನಾನು ಫೋನು ಮಾಡಿದೆ. ಅತ್ತೆ ಎತ್ತಲಿಲ್ಲ. ಮತ್ತೆ ಮಾಡಿದೆ.

*

ಬಸ್ಸಿನಲ್ಲಿ ನಿಂತೆ. ಅದು ಪ್ರತಿ ನಿಲ್ದಾಣದಲ್ಲೂ ನಿಂತಿತು. ಯಾರೂ ಹತ್ತದಿದ್ದರೂ ಬಾಗಿಲು ತೆರೆದು ಕಾಯಿತು. ಕಂಡಕ್ಟರಿದ್ದರೆ ಹೇಳಬಹುದಿತ್ತು. "ಮನ್ಯಾಗ ಸೀರಿಯಸ್ ಐತ್ರಿ" ಅಂದರೆ ಸಾಕು, ಸೀಟಿ ಊದಿ, ರೈಟ್ ರೈಟ್ ಅಂದು, ಡ್ರೈವರನ ಬೆನ್ನು ತಟ್ಟುತ್ತಿದ್ದರು. ಯಂತ್ರಕ್ಕೆ ಏನು ಹೇಳುವುದು? "ದಯವಿಟ್ಟು ವಾಹನದ ಮುಂಭಾಗಕ್ಕೆ ಚಲಿಸಿ," ಅಂದಿತು. ಬಸ್ಸಿನಲ್ಲಿ ನಾನೊಬ್ಬಳೇ ಇದ್ದೆ.

ಮನೆಯ ಬಾಗಿಲು ಚಿಲಕ ಹಾಕದೆ ಮುಂದೆ ಮಾಡಿತ್ತು. ಅತ್ತೆ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ಹೆಂಚಿನ ಮೇಲೆ ಒಂದು ಬಟ್ಟೆಯ ಗಂಟು, ಕೈಯಲ್ಲಿ ಇನ್ನೊಂದು. ಸೆರಗು ಜಾರಿತ್ತು.

ಎಡಗೆನ್ನೆ ಎಂದು ಹೇಳುವಂಥದ್ದು ಉಳಿದಿರಲಿಲ್ಲ. ಕಣ್ಣಿನ ಕೆಳಗಿನಿಂದ ಗದ್ದದ ಅಡಿಯವರೆಗೆ ಒಂದೇ ಊತ, ಕೆಂಪಗೆ ಹೊಳೆಯುತ್ತಿತ್ತು. ಬಾಯಿಯ ಒಂದು ಬದಿಯಿಂದ ಜೊಲ್ಲು ಇಳಿಯುತ್ತಿತ್ತು. ಅವರು ಅದನ್ನು ಸೆರಗಿನಿಂದ ಒರೆಸಿಕೊಂಡರು.

"ಯಾಕ ಹೇಳಲಿಲ್ರಿ?"

"ಹೇಳಿದ್ರ ತಗೀತಾರ." ಬಾಯಿ ಪೂರ್ತಿ ತೆರೆಯದೆ ಮಾತಾಡಿದರು. "ಕಾವು ಕೊಟ್ರ ಇಳೀತೈತಿ. ನಮ್ಮವ್ವ ಕೊಡತಿದ್ಲು."

ಫರ್ಹಾನಾ ಮೇಡಂಗೆ ಫೋನು ಹಚ್ಚಿದೆ. ಅವರು ನಮಸ್ಕಾರವನ್ನೂ ಹೇಳಲಿಲ್ಲ. ಕುಬೇರ ಆಗಲೇ ಹೇಳಿದ್ದ.

"ಉಗುಳು ನುಂಗಾಕ ಬರ್ತೈತೇನು?"

"ಇಲ್ರಿ. ಜೊಲ್ಲು ಸುರ್ಯಾಕ ಹತ್ತೈತಿ."

"ನಾಲಿಗಿ ಮ್ಯಾಲ ಎದ್ದೈತೇನು? ಗದ್ದದ ಕೆಳಗ ಮುಟ್ಟಿ ನೋಡು. ಮೆತ್ತಗೋ ಗಟ್ಟಿನೋ?"

ಮುಟ್ಟಿದೆ. "ಗಟ್ಟಿ ಐತ್ರಿ. ಕಟ್ಟಿಗಿ ಹಂಗ."

ಅವರು ಪಕ್ಕದವರಿಗೆ ಗಾಡಿ ಕಳಿಸಲು ಹೇಳಿದ್ದು ಕೇಳಿಸಿತು.

"ದಾನೇಶ್ವರಿ, ಕಾವಿಗೆ ಕೀವು ಕರಗಂಗಿಲ್ಲ. ದಾರಿ ಹುಡಿಕ್ಕೊಂಡು ಕೆಳಗ ಇಳೀತೈತಿ. ಇನ್ನೊಂದೀಟು ಇಳದ್ರ ಉಸಿರಿನ ಕೊಳವಿ ಒತ್ತತೈತಿ. ಗಾಡಿ ಕಳಿಸೀನಿ. ಮಲಗಿಸಬ್ಯಾಡ, ಕುಂಡ್ರಿಸಿಕೊಂಡs ಬಾ."

ಅತ್ತೆಗೆ ಕೇಳಿಸಿತ್ತು. ತಲೆ ಅಲ್ಲಾಡಿಸಿದರು.

"ನಾ ಬರಂಗಿಲ್ಲ. ಬ್ಯಾನಿ ಐತಿ ಅಂದ್ರ ಅವಾ ಅದಾನಂತ. ಇದು ಹೋತಂದ್ರ ಎಲ್ಲೆ ಹುಡುಕಲಿ?"

ನಾನು ಅವರ ಕೈಯಿಂದ ಉಪ್ಪಿನ ಗಂಟು ಕಸಿದುಕೊಂಡೆ. ಅಂಗೈ ಸುಟ್ಟಿತು. ಒಲೆ ಆರಿಸಿದೆ. ಗಾಡಿ ಬಂದಾಗ ಅವರನ್ನು ತೋಳು ಹಿಡಿದು ಎಬ್ಬಿಸಿದೆ. ಅವರು ಜಗಳವಾಡಲಿಲ್ಲ. ಅದಕ್ಕೆ ಬೇಕಾದ ಉಸಿರು ಅವರಲ್ಲಿರಲಿಲ್ಲ. ದಾರಿಯುದ್ದಕ್ಕೂ ಮೂಗಿನಲ್ಲಿ ಸಣ್ಣ ಸದ್ದು ಬರುತ್ತಿತ್ತು.

*

ಚಿಕಿತ್ಸೆಯ ಕೋಣೆ ಪ್ರಯೋಗಾಲಯದ ಕೆಳಗಿನ ಮಹಡಿಯಲ್ಲಿದೆ. ಇಬ್ಬರು ಅರಿವಳಿಕೆ ತಜ್ಞರು ಉಸಿರಿನ ಕೊಳವೆ ಹಿಡಿದು ಆಗಲೇ ನಿಂತಿದ್ದರು. ಅತ್ತೆಯ ಕೈಗೆ ಸೂಜಿ ಹಾಕಿ ಔಷಧಿ ಏರಿಸಿದರು. ಗೋಡೆಯ ಮೇಲೆ ಪರದೆ. ಅದರ ಮೇಲೆ ಅವರ ಹಲ್ಲು.

ಮುಂದಿನ ಬೇರಿನ ಗೆರೆ ಮಲಗಿತ್ತು. ಹಿಂದಿನ ಬೇರಿನದು ಮಿಡಿಯುತ್ತಿತ್ತು.

ಮೇಲಿನಿಂದ ಕುಬೇರ ಫೋನು ಮಾಡಿದ. ಅವನ ದನಿ ಒಡೆದಿತ್ತು.

"ಮೇಡಂ, ಹಿಂದಿನ ಬೇರು ಜೀವಂತ ಐತಿ. ಗದ್ದದ ಕೆಳಗ ಸೀಳಿ ಕೀವು ತಗೀಲಿ, ಔಷಧಿ ಕೊಡ್ಲಿ, ಹಲ್ಲು ಮುಟ್ಟೋದು ಬ್ಯಾಡ. ನಾಳಿತನಕ ನೋಡೋಣ. ಆಮ್ಯಾಲ ಬೇಕಂದ್ರೂ ಅದು ಸಿಗಂಗಿಲ್ಲ."

ಅವನು ಪ್ರಯೋಗಕ್ಕಾಗಿ ಹೇಳಿದನೋ, ನನಗಾಗಿ ಹೇಳಿದನೋ, ತಿಳಿಯಲಿಲ್ಲ. ಆಗಲಿ ಅನ್ನಬೇಕೆನಿಸಿತು. ನಾಲಗೆಯ ತುದಿಗೆ ಬಂದಿತ್ತು.

ಫರ್ಹಾನಾ ಮೇಡಂ ಕೈಗವಸು ಹಾಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು.

"ನೀ ಹೇಳಿದ್ರೂ ನಾ ಕೇಳಂಗಿಲ್ಲ," ಅಂದರು. "ಕೊಳತ ಮನ್ಯಾಗ ಒಂದ ಖೋಲಿ ಉಳಸಾಕ ಬರಂಗಿಲ್ಲ. ಗ್ವಾಡಿ ಒಂದs. ಕೀವಿನ ಬುಡ ಅಲ್ಲೇ ಐತಿ. ಅದನ್ನ ಬಿಟ್ರ ನಾಳೆ ಮತ್ತ ತುಂಬತೈತಿ. ಅಷ್ಟೊತ್ತಿಗೆ ಇವರ ಉಸಿರು ಇರಬೇಕಲ್ಲ."

"ಹಲ್ಲs ಕಿತ್ತರ?"

"ಕೀಳಬಹುದು. ಆದ್ರ ಹಲ್ಲು ಗಟ್ಟಿ ಐತಿ. ಒಳಗಿಂದು ಸ್ವಚ್ಛ ಮಾಡಿದ್ರ ಹಲ್ಲು ಉಳೀತೈತಿ. ಒಳಗಿಂದು ಉಳಿಯಂಗಿಲ್ಲ."

ನಾನು ಫೋನು ಇಟ್ಟೆ.

ಗದ್ದದ ಅಡಿ ಮರಗಟ್ಟಿಸಿ, ಸಣ್ಣದಾಗಿ ಸೀಳಿ, ಕೀವಿಗೆ ದಾರಿ ಮಾಡಿದರು. ಉಸಿರಿನ ಸದ್ದು ಒಂದಿಷ್ಟು ತಗ್ಗಿತು. ದವಡೆಗೂ ಸೂಜಿ ಕೊಟ್ಟರು. ಇನ್ನು ಬಾಯಿ ತೆರೆಯಬೇಕು. ಊತಕ್ಕೆ ದವಡೆ ಬಿಗಿದಿತ್ತು, ಅರೆಬರೆ ಮಾತ್ರ ತೆರೆಯುತ್ತಿತ್ತು. ಆದರೆ ಅತ್ತೆ ಅಷ್ಟನ್ನೂ ತೆರೆಯಲಿಲ್ಲ. ತುಟಿ ಒತ್ತಿ ಹಿಡಿದರು. ಮೇಡಂ ಕನ್ನಡಿ ಹಿಡಿದು ಬಾಗಿದರೆ ಮುಖ ತಿರುಗಿಸಿದರು.

"ನೀಲವ್ವಾರ, ಹೊತ್ತಿಲ್ರಿ."

ಅವರು ಕಣ್ಣು ಮುಚ್ಚಿದರು. ಕುರ್ಚಿಯ ತೋಳನ್ನು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಪಕ್ಕದಲ್ಲಿ ನಾಡಿಯ ಯಂತ್ರ ಬೇಗಬೇಗ ಕೂಗುತ್ತಿತ್ತು. ಅರಿವಳಿಕೆಯವರು ಮೇಡಂ ಕಡೆ ನೋಡಿದರು. ಬಲವಂತ ಮಾಡಿದರೆ ಉಸಿರು ಕಟ್ಟಬಹುದು. ಮಲಗಿಸಿದರೂ ಕಟ್ಟಬಹುದು.

ನಾನು ಅವರ ಕಿವಿಯ ಹತ್ತಿರ ಕೂತೆ.

"ಅತ್ತಿ, ಒಂದು ಮಾತು ಕೇಳ್ರಿ. ಕೂಸು ಹೊಟ್ಟ್ಯಾಗ ಇದ್ದಾಗ ಅದರ ಜೀವಕೋಶ ತಾಯಿ ರಕ್ತಕ್ಕ ದಾಟಿ ಬರ್ತಾವು. ಹಡದ ಮ್ಯಾಲ ಎಲ್ಲಾ ಹೋಗಂಗಿಲ್ಲ. ಒಂದಿಷ್ಟು ಉಳೀತಾವು. ಎಲುವಿನಾಗ, ರಕ್ತದಾಗ. ವರ್ಷಾನಗಟ್ಟಲೆ ಇರ್ತಾವು. ಇದು ನಮ್ಮ ಪ್ರಯೋಗದ್ದಲ್ಲ. ಎಲ್ಲಾ ತಾಯಂದ್ರಿಗೂ ಆಗೂದು."

ಕಣ್ಣು ತೆರೆದರು. ಮೇಡಂ ಕಡೆ ನೋಡಿದರು.

"ಖರೇನ?" ಹಲ್ಲು ಬಿಡಿಸದೆ ಕೇಳಿದರು.

"ಖರೇರಿ," ಅಂದರು ಮೇಡಂ. "ಮಗಳದ್ದು ನನ್ನಾಗೂ ಇರಬೇಕು. ಅದಕ್ಕs ಹಟಾ ಬಂದೈತಿ."

"ಸಂಗೂ ನಿಮ್ಮೊಳಗ ಮೊದಲಿಂದ ಅದಾನ್ರಿ," ಅಂದೆ. "ಹಲ್ಲಿನಾಗ ನಾವು ಇಟ್ಟಿದ್ದು ಒಂದು ತುಣುಕು."

ಅತ್ತೆ ನನ್ನ ಕಡೆ ತಿರುಗಿದರು.

"ಮತ್ತ ನಿನ್ನೊಳಗ?"

ನಮಗೆ ಮಕ್ಕಳಾಗಿರಲಿಲ್ಲ.

"ನನ್ನೊಳಗ ಏನಿಲ್ರಿ."

"ಅಂದ್ರ ಇದು ನಿಂದು."

ನಾನು ಅವರ ತುಟಿಯ ಪಕ್ಕದ ಜೊಲ್ಲು ಒರೆಸಿದೆ.

"ನನಗ ಐತಿ ಅಂತಿ. ನಿನಗ ಇದೊಂದs. ಇದನ್ನ ತಗೀ ಅಂತ ನೀನs ಹೇಳ್ತಿಯೇನು?"

ಪರದೆ ನನ್ನ ಎದುರಿಗೇ ಇತ್ತು. ಹಿಂದಿನ ಬೇರು. ಏರುತ್ತಿತ್ತು, ಇಳಿಯುತ್ತಿತ್ತು.

"ಹೇಳ್ತೀನ್ರಿ. ತಗಿಸ್ರಿ."

ಅವರ ಕೈ ಕುರ್ಚಿಯ ತೋಳು ಬಿಟ್ಟು ನನ್ನ ಮಣಿಕಟ್ಟು ಹಿಡಿಯಿತು. ಬಾಯಿ ತೆರೆಯಿತು. ಎಷ್ಟು ತೆರೆಯಲು ಬರುತ್ತಿತ್ತೋ ಅಷ್ಟು.

ಮೇಡಂ ತಾತ್ಕಾಲಿಕ ಮುಚ್ಚಳ ಕೊರೆದರು. ಸಂವೇದಕವನ್ನು ಎತ್ತಿ ಬೇರಿನ ಬಾಯಿಯ ಬಳಿಗೆ ಸರಿಸಿದರು. ಕೆಟ್ಟ ವಾಸನೆ ಬಂತು. ಮುಂದಿನ ಬೇರಿನಿಂದ ಕೀವು ಬಂತು, ಬೂದುಬಣ್ಣದ ನೀರು ಬಂತು. ಹೀರುವ ಕೊಳವೆ ಅದನ್ನು ಎಳೆದುಕೊಂಡಿತು. ಸಣ್ಣ ಅರ ಇಳಿಯಿತು, ಬಂತು, ಇಳಿಯಿತು. ಆಮೇಲೆ ಹಿಂದಿನ ಬೇರು. ಅದರಿಂದ ಕೆಂಪಗೆ ರಕ್ತ ಬಂತು. ಶುದ್ಧವಾದ, ಹೊಸ ರಕ್ತ. ಅಲ್ಲಿ ತಿರುಳು ಚೆನ್ನಾಗಿ ಬೆಳೆದಿತ್ತು.

ಮೇಡಂ ಕ್ಷಣ ನಿಂತರು. ನನ್ನತ್ತ ತಿರುಗಲಿಲ್ಲ. ಆಮೇಲೆ ಅರವನ್ನು ಇಳಿಸಿದರು.

ಪರದೆಯಲ್ಲಿ ಗೆರೆ ಒಮ್ಮೆ ಎತ್ತರಕ್ಕೆ ಹಾರಿತು. ಮತ್ತೆ ಬರಲಿಲ್ಲ. ಗಣಕ ಕೂಗಲು ಶುರುಮಾಡುವ ಮೊದಲೇ ಮೇಲಿನಿಂದ ಯಾರೋ ಸದ್ದು ಆರಿಸಿದರು. ಕುಬೇರನೇ ಇರಬೇಕು.

ಅತ್ತೆ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಉಪ್ಪಿನ ಗಂಟು ಸುಟ್ಟ ಅಂಗೈ ಆಗ ಉರಿಯತೊಡಗಿತು. ಅಲ್ಲಿಯವರೆಗೆ ಉರಿದಿರಲಿಲ್ಲ.

*

ಊತ ಇಳಿಯಲು ದಿನಗಳು ಹಿಡಿದವು. ಅತ್ತೆ ಆಸ್ಪತ್ರೆಯ ಮಂಚದ ಮೇಲೆ ಕೂತು, ಪಕ್ಕದ ಹಾಸಿಗೆಯವರಿಗೆಲ್ಲ ಹಳೆಯ ದಾರಿಗಳ ನಿಲ್ದಾಣಗಳ ಹೆಸರು ಕ್ರಮವಾಗಿ ಒಪ್ಪಿಸುತ್ತಿದ್ದರು. ಕಾವು ಕೊಡಬೇಡಿರೆಂದು ದಾದಿಯರಿಗೇ ಬುದ್ಧಿ ಹೇಳಿದರು. ಕುಬೇರ ಬಿಸಿ ಆಹಾರದ ನಿಯಮವನ್ನು ಅಳಿಸಿದ. ಈಗ ಗಣಕ ದಿನವೂ ಸುಳ್ಳು ಕೂಗುತ್ತದೆ. ನಾವು ಪ್ರತಿಯೊಬ್ಬರಿಗೂ ಫೋನು ಮಾಡಿ ಕೇಳುತ್ತೇವೆ: ಏನು ಕುಡಿದಿರಿ?

ಕಾಲುವೆಗಳು ಒಣಗಿ ಶುದ್ಧವಾದ ಮೇಲೆ ಮೇಡಂ ಅದೇ ಹಳೆಯ ಅಂಟನ್ನು ತುಂಬಿ ಮುಚ್ಚಿದರು. ನೋವು ಪೂರ್ತಿ ಹೋಯಿತು. ಕ್ಯಾಪಿಗೆ ಬರಲು ಹೇಳಿದರು. ಅತ್ತೆ ಹೋಗಲಿಲ್ಲ.

"ಬ್ಯಾನಿ ಇಲ್ಲಲ್ಲ. ಇನ್ನ್ಯಾಕ?"

"ಬ್ಯಾನಿ ಇಲ್ಲ ಅಂತs ಹೋಗಬೇಕ್ರಿ. ಸೀಳಿದ್ರ ಅದಕ್ಕ ಗೊತ್ತಾಗಂಗಿಲ್ಲ."

ಅವರು ನನ್ನ ಮುಖ ನೋಡಿದರು. ಎದ್ದು ಸೀರೆ ಬದಲಿಸಿದರು.

ಉಳಿದ ಹಲ್ಲನ್ನು ಸುತ್ತಲೂ ತೇದು, ಅಚ್ಚು ತೆಗೆದು, ಕೆಲವು ದಿನ ಬಿಟ್ಟು ಹಲ್ಲಿನ ಬಣ್ಣದ ಕ್ಯಾಪ್ ಕೂರಿಸಿದರು. ಮೇಡಂ ಕನ್ನಡಿಯ ಹಿಡಿಯಿಂದ ಅದನ್ನು ತಟ್ಟಿದರು.

"ಏನರ ತಿಳೀತೇನ್ರಿ?"

"ಏನಿಲ್ಲ ಡಾಕ್ಟರವ್ವ. ಪಕ್ಕದ ಮನಿ ಬಾಗಲಾ ಬಡದಂಗಾತು."

"ಹಂಗs ಇರಬೇಕು. ನಾಳಿಂದ ಬೇಕಾದ್ದು ತಿನ್ರಿ."

ಮರುದಿನ ಅತ್ತೆ ಡಬ್ಬಿಯಿಂದ ಖಡಕ್ ರೊಟ್ಟಿ ತೆಗೆದರು. ಹಲ್ಲು ಕೆಟ್ಟಾಗಿನಿಂದ ಅದನ್ನು ಸಾರಿನಲ್ಲಿ ನೆನೆಸಿ ಬಲಗಡೆ ಹಾಕಿಕೊಂಡು ನುಂಗುತ್ತಿದ್ದರು. ಈಗ ಒಣ ತುಂಡನ್ನು ಎಡಗಡೆಗೆ ಹಾಕಿಕೊಂಡರು. ಅನುಮಾನಿಸಿದರು. ಕಡಿದರು.

ಕಟಂ ಅಂತು. ಸಣ್ಣ ಅಡುಗೆಮನೆ, ಸದ್ದು ಗೋಡೆಗೆ ಬಡಿದು ಬಂತು. ಸಂಗಮೇಶ ಹೀಗೇ ತಿನ್ನುತ್ತಿದ್ದ. ಓಣಿಗೆಲ್ಲ ಕೇಳಿಸುತ್ತದೆ ಎಂದು ನಾನು ಗದರುತ್ತಿದ್ದೆ.

ಅತ್ತೆ ಅಗಿಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ನಾನು ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ಕೈಚಾಚಿ ಮೂರನೆಯ ಮಣೆಯನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಸೆರಗಿನಿಂದ ಅದರ ಧೂಳು ಒರೆಸಿದರು.

"ಮುಂದ ಸರಿ ಯವ್ವಾ," ಅಂದರು. ಒದರಲಿಲ್ಲ, ಮೆಲ್ಲಗೇ ಅಂದರು. "ಮುಂದ ಜಾಗಾ ಐತಿ."

ನಾನು ಹೋಗಿ ಕೂತೆ. ಅವರು ರೊಟ್ಟಿ ಮುರಿದು ಅರ್ಧ ನನ್ನ ತಾಟಿಗೆ ಹಾಕಿದರು. ಬಾಯಿಗಿಟ್ಟು ಕಡಿಯಬೇಕು ಅನ್ನುವಷ್ಟರಲ್ಲಿ ಅಳು ಬಂತು. ಎರಡು ವರ್ಷ ಎಲ್ಲಿತ್ತೋ. ಅತ್ತೆ ನೋಡಿದರೂ ನೋಡದವರಂತೆ ಮತ್ತೊಂದು ತುಂಡು ಕಡಿದರು, ಜೋರಾಗಿ, ಸದ್ದು ಬರುವ ಹಾಗೆ. ನಾನು ಅಳುತ್ತಿದ್ದುದು ಓಣಿಗೆ ಕೇಳಿಸಿರಲಾರದು.